ಒಂದು ‘ಎ’ ಬಿಟ್ಟಿದ್ದಕ್ಕೆ

ನಮ್ಮ ಕ್ಲಬ್ಬಿನ ಕವಿಗೋಷ್ಠಿಯ ರಿಪೋರ್ಟ್ ಬರೆದಿದ್ದು ನಾನೇ. ಬೇರೆ ಬ್ರಾಂಚಿನವರೂ ಒಂದಷ್ಟು ಜನ ಬಂದಿದ್ರು ಅನ್ನೋ ಖುಷಿಯಲ್ಲಿ ‘ಫ್ಯೂ ಸ್ಟೂಡೆಂಟ್ಸ್ ಕೇಮ್ ಫ್ರಮ್ ಅದರ್ ಬ್ರಾಂಚಸ್’ ಅಂತ ಹಾಕಿದೆ. ಓದಿದ ಸರ್ ಕೇಳಿದ್ರು, “ಜನಾನೇ ಬರಲ್ಲ ಅಂದ್ಮೇಲೆ ಮುಂದಿನ ಸಲ ದೊಡ್ಡ ಹಾಲ್ ಯಾಕಪ್ಪಾ?”

‘ಎ ಫ್ಯೂ’ ಅಂದ್ರೆ ಒಂದಷ್ಟು ಜನ ಇದ್ರು. ಬರೀ ‘ಫ್ಯೂ’ ಅಂದ್ರೆ ಕೆಲವೇ ಜನ, ಇಲ್ಲ ಅನ್ನೋಷ್ಟು ಕಮ್ಮಿ. ತಲೆ ಎಣಿಸಿದ್ರೆ ಎರಡೂ ಕಡೆ ಹನ್ನೆರಡೇ ಇರಬಹುದು, ಹೇಳೋ ಧಾಟಿ ಬೇರೆ.

ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ನಾನು. ಈ ರೂಲ್ ಬಾಯಿಪಾಠ ಮಾಡಿದ್ದೆ, ಬಿಟ್ಟ ಸ್ಥಳ ತುಂಬಿ ಮಾರ್ಕ್ಸೂ ತಗೊಂಡಿದ್ದೆ. ಬರೆಯುವಾಗ ಮರೆತೇಹೋಯ್ತು. ಆದ್ರೆ ಕನ್ನಡದ ಆ ‘ಏ’ ಯಾವತ್ತೂ ತಪ್ಪಿಲ್ಲ. ‘ಟ್ಯಾಂಕಲ್ಲಿ ಸ್ವಲ್ಪ ನೀರಿದೆ’ ಅಂದ್ರೆ ಅಮ್ಮ ಬಟ್ಟೆ ನೆನೆಸ್ತಾರೆ. ‘ಸ್ವಲ್ಪಾನೇ ಇದೆ’ ಅಂದ್ರೆ ಮೋಟರ್ ಹಾಕೋಕೆ ಓಡ್ತಾರೆ. ‘ಎ ಲಿಟಲ್’, ‘ಲಿಟಲ್’ ವ್ಯತ್ಯಾಸ ಇಷ್ಟೇ ತಾನೆ? ಇಂಗ್ಲಿಷ್ ಕ್ಲಾಸಲ್ಲಿ ಇದನ್ನ ಒಂದು ಸಲ ಕನ್ನಡದಲ್ಲಿ ಹೇಳಿಕೊಡಬೇಕಿತ್ತು. ಹೇಳೋದಿರಲಿ, ನಮ್ಮ ಸ್ಕೂಲಲ್ಲಿ ಕನ್ನಡ ಮಾತಾಡಿದ್ರೆ ಫೈನ್ ಇತ್ತು.

ರಿಪೋರ್ಟಿಗೆ ‘ಎ’ ಸೇರಿಸಿ ಕೊಟ್ಟಿದ್ದೀನಿ. ಹಾಲ್ ಇನ್ನೂ ಸಿಕ್ಕಿಲ್ಲ.