ಬಣ್ಣ ಹೊಡೆದ ಜನತಾ

'ರೆಸ್ಟೋರ್ಡ್' ಅನ್ನೋ ಪದಕ್ಕೆ ನಮ್ಮೂರ ಕಡೆ ಸರಳವಾದ ಮಾತೊಂದಿದೆ: ಬಣ್ಣ ಹೊಡೆದದ್ದು. ದನಗಳ ಜಾತ್ರೆಗೆ ಕೊಂಬು ಹೆರೆದು, ಬಣ್ಣ ಬಳಿದು, ಗೆಜ್ಜೆ ಕಟ್ಟಿದ ಎತ್ತು ಬಂದ್ರೆ ರೈತ ಗೆಜ್ಜೆ ನೋಡೋದಿಲ್ಲ, ಬಾಯಿ ಬಿಡಿಸಿ ಹಲ್ಲು ನೋಡ್ತಾನೆ. ಅದೇ ರೈತನ ಮಗ ಬಿಇ ಮುಗಿಸಿ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿ, ರಾತ್ರಿ ಹನ್ನೊಂದು ಗಂಟೆಗೆ ಮೊಬೈಲಿನಲ್ಲಿ ಕಿತ್ತಳೆ ಬಣ್ಣದ ಡಯಲಿನ 'ವಿಂಟೇಜ್ ಎಚ್‌ಎಂಟಿ ಪೈಲಟ್, ಒರಿಜಿನಲ್, ರೆಸ್ಟೋರ್ಡ್' ನೋಡಿ ಹಿಂದೆಮುಂದೆ ನೋಡದೆ ದುಡ್ಡು ಕಳಿಸ್ತಾನೆ. ಒರಿಜಿನಲ್ಲೂ ಹೌದು, ರೆಸ್ಟೋರ್ಡೂ ಹೌದು ಅಂದ್ರೆ ಏನರ್ಥ ಅಂತ ಒಂದು ಮಾತು ಕೇಳೋದಿಲ್ಲ.

ನಾನು ಹೇಳ್ತೀನಿ ಕೇಳಿ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಬೆಂಗಳೂರಲ್ಲಿ ವಾಚು ಮಾಡೋಕೆ ಶುರು ಮಾಡ್ತು. ಆಮೇಲೆ ನಮ್ಮ ತುಮಕೂರಲ್ಲೂ ಕಾರ್ಖಾನೆ ಬಂತು. ಜನತಾ, ಪೈಲಟ್ ಇವೆಲ್ಲ ಕೀ ಕೊಡೋ ವಾಚುಗಳು, ಒಳಗೆ ಒಂದೇ ಮನೆತನದ ಹದಿನೇಳು ಜ್ಯುವೆಲ್ ಮೆಷಿನ್. ಅದು ಗಟ್ಟಿಮುಟ್ಟಾದ ಮೆಷಿನ್, ರಿಪೇರಿಗೂ ಸಲೀಸು. ದಂಧೆಗೆ ಬೇಕಾಗಿರೋದೂ ಅದೇ. ಒಂದರ ಡಯಲ್ ಇನ್ನೊಂದಕ್ಕೆ ಸುಲಭವಾಗಿ ಕೂರುತ್ತೆ. ಪೈಲಟ್‌ಗೆ ಬೇಡಿಕೆ ಜಾಸ್ತಿ, ಜನತಾ ಗುಜರಿಯಲ್ಲಿ ರಾಶಿ ಬಿದ್ದಿದೆ. ಹಾಗಾಗಿ ಜನತಾ ವಾಚಿನ ಡಯಲ್ ಬಿಚ್ಚಿ, ಹಳೇ ಬಣ್ಣ, ಅಕ್ಷರ ಎಲ್ಲ ಕೆರೆದು ತೊಳೆದು, ಬರೀ ತಗಡು ಮಾಡಿ, ಮೇಲೆ ಹೊಸ ಬಣ್ಣ ಹೊಡೆದು 'ಪೈಲಟ್' ಅಂತ ಅಚ್ಚು ಹಾಕ್ತಾರೆ. ನಾವು ಬಲ್ಲ ಪೈಲಟ್ ಕಪ್ಪು ಡಯಲ್, ಬಿಳಿ ಅಂಕಿ. ಈಗ ಗಿಳಿಹಸಿರು ಪೈಲಟ್, ಗುಲಾಬಿ ಪೈಲಟ್, ಸೇನೆಯ ಲಾಂಛನ ಬಡಿದ ಪೈಲಟ್ ಎಲ್ಲ ಸಿಗ್ತವೆ.

ಗುಲಾಬಿ ವಾಚು ಕಟ್ಕೊಂಡ್ರೆ ನಿನಗೇನು ನಷ್ಟ ಅಂತ ಕೇಳಬಹುದು. ನನಗೆ ತಕರಾರು ಗುಲಾಬಿ ಮೇಲಲ್ಲ, ತೊಳೆದುಹೋದ ಆ ಜನತಾ ಡಯಲ್ ಮೇಲೆ. ಎಚ್‌ಎಂಟಿಯ ವಾಚು ವ್ಯವಹಾರ ಮುಚ್ಚೋಕೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದ್ದು 2016ರಲ್ಲಿ. ತುಮಕೂರಿನ ಕಾರ್ಖಾನೆ ಜಾಗ ಇಸ್ರೋ ಕೈಗೆ ಹೋಯ್ತು. ಅಲ್ಲಿಂದ ಇನ್ನೊಂದು ಡಯಲ್ ಬರೋದಿಲ್ಲ. ವರೋಪಚಾರದ ಪಟ್ಟಿಯಲ್ಲಿ ಸೈಕಲ್, ರೇಡಿಯೋ ಜೊತೆ ಬರೆಸಿಕೊಂಡು, ಮೂವತ್ತು ವರ್ಷ ಗದ್ದೆಯ ಬೆವರು ಕುಡಿದು ಕೆನೆ ಬಣ್ಣಕ್ಕೆ ತಿರುಗಿದ ಡಯಲ್ ಅದು. ಅದನ್ನ ಥಿನ್ನರಿನಲ್ಲಿ ಅದ್ದಿ ಒರೆಸೋದು ಅಂದ್ರೆ, ಬ್ಯಾಕಪ್ ಇಲ್ಲದ ಸರ್ವರಿನ ಡೇಟಾ ಅಳಿಸಿ, ಅದಕ್ಕೆ 'ಅಪ್‌ಗ್ರೇಡ್' ಅಂತ ಹೆಸರಿಟ್ಟ ಹಾಗೆ. ಆಫೀಸಲ್ಲಿ ಹೀಗೆ ಮಾಡಿದವನನ್ನ ಸುಮ್ನೆ ಬಿಡ್ತೀವಾ?

ತೊಳೆಯೋನಿಗಿಂತ ಹೆಚ್ಚು ಹೊಣೆ ನಮ್ಮದು. ಹಳೇದು ಬೇಕು, ಆದರೆ ಹಳೇದರ ಥರ ಕಾಣಬಾರದು. ಚುಕ್ಕೆ ಬಿದ್ದ ಅಸಲಿ ಜನತಾ ಮುನ್ನೂರು ಲೈಕು ಪಡೆಯಲ್ಲ, ಫಳಫಳ ಹೊಳೆಯೋ ಪೈಲಟ್ ಪಡೆಯುತ್ತೆ. ನಾವು ಕೊಳ್ಳೋ ಒಂದೊಂದು ಕಿತ್ತಳೆ ಪೈಲಟ್ಟೂ ಇನ್ನೊಂದು ಜನತಾ ಡಯಲನ್ನ ತೊಟ್ಟಿಗೆ ಇಳಿಸುತ್ತೆ.

ಇದು ಬರೀ ನಮ್ಮ ಬಡ ಎಚ್‌ಎಂಟಿ ಕಥೆಯೂ ಅಲ್ಲ. ರೋಲೆಕ್ಸ್ ಡೇಟೋನಾದಲ್ಲಿ 'ಪಾಲ್ ನ್ಯೂಮನ್' ಅನ್ನೋ ಡಯಲ್ ಇದ್ರೆ ಬೆಲೆ ಎಷ್ಟೋ ಪಟ್ಟು ಏರುತ್ತೆ, ಮೆಷಿನ್ ಅದೇ ಇದ್ರೂ. ನಟ ನ್ಯೂಮನ್ ಕೈಯಲ್ಲಿದ್ದ ವಾಚೇ 2017ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ 1.77 ಕೋಟಿ ಡಾಲರಿಗೆ ಹೋಯ್ತು. ತೆಳ್ಳಗಿನ ತಗಡಿನ ಮೇಲೆ ಅಷ್ಟು ದುಡ್ಡು ನಿಂತಿದ್ದರೆ ಖೋಟಾ ಅಚ್ಚು ಹಾಕೋರು ಹುಟ್ಟದೆ ಇರ್ತಾರಾ? ವ್ಯತ್ಯಾಸ ಇಷ್ಟೇ: ಅಲ್ಲಿ ಕೊಳ್ಳೋನು ಭೂತಗನ್ನಡಿ ಹಿಡಿದು ಕೂರ್ತಾನೆ.

ನೀವೂ ಹಿಡೀಬಹುದು. ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಲೂಪ್ ದುಬಾರಿಯೇನಲ್ಲ. ಮೊದಲು ಅಕ್ಷರ ನೋಡಿ. ಕಾರ್ಖಾನೆಯ ಅಚ್ಚಿನ ಅಂಚು ಚೂಪಾಗಿರುತ್ತೆ, ಬಣ್ಣ ಹೊಡೆದದ್ದರಲ್ಲಿ ಅಕ್ಷರ ದಪ್ಪ, ಅಂಚು ಹರಡಿರುತ್ತೆ, ಕೆಲವೊಮ್ಮೆ ಸಾಲೇ ಓರೆ. ನಿಮಿಷದ ಗೆರೆ ಗಂಟೆಯ ಗುರುತಿಗೆ ನೇರವಾಗಿ ಕೂತಿದೆಯಾ ಅಂತ ನೋಡಿ. ಅಂಚಿನ ಸಣ್ಣ ಅಕ್ಷರಗಳು ಪೂರ್ತಿ ಕಾಣ್ತಿವೆಯಾ, ಇಲ್ಲಾ ಅರ್ಧ ಕೇಸಿನ ಕೆಳಗೆ ಹೋಗಿವೆಯಾ? ತಾರೀಖಿನ ಕಿಟಕಿ ಇದ್ರೆ ಅದರ ಅಂಚಲ್ಲಿ ಬಣ್ಣ ಗಡ್ಡೆ ಕಟ್ಟಿದೆಯಾ? ಆಮೇಲೆ ಮುಳ್ಳು. ನಿಮಿಷದ ಮುಳ್ಳು ಗೆರೆ ಮುಟ್ಟದೆ ಮೊಟಕಾಗಿ ನಿಂತಿದ್ರೆ ಅದು ಬೇರೆ ಯಾವುದೋ ವಾಚಿಂದ ಬಂದಿರೋ ಸಾಧ್ಯತೆ ಹೆಚ್ಚು.

ಕತ್ತಲಲ್ಲಿ ಹೊಳೆಯೋ ಲೇಪ ಇನ್ನೊಂದು ಸಾಕ್ಷಿ. ಹಳೇ ಸ್ವಿಸ್ ವಾಚಿನ ಡಯಲಿನ ಕೆಳಗೆ 'ಟಿ' ಅಕ್ಷರ ಇದ್ರೆ ಅದು ಟ್ರಿಟಿಯಂ. ಅದರ ಅರ್ಧಾಯುಷ್ಯ ಸುಮಾರು 12 ವರ್ಷ. ಎಪ್ಪತ್ತರ ದಶಕದ ವಾಚು ಇವತ್ತು ಮಿಂಚುಹುಳದ ಥರ ಹೊಳೀತಿದೆ ಅಂದ್ರೆ ಲೇಪ ಮೊನ್ನೆ ಹಚ್ಚಿದ್ದು. ಕೊನೆಗೆ ಹಿಂದಿನ ಮುಚ್ಚಳ ಬಿಚ್ಚಿಸಿ. ಮೆಷಿನ್ ತುಕ್ಕು ಹಿಡಿದು, ಕೇಸಿನ ಮೂಲೆಗಳು ಉಜ್ಜಿ ಉಜ್ಜಿ ಸಾಬೂನಿನ ಹಾಗೆ ಸವೆದು, ಡಯಲ್ ಮಾತ್ರ ಮದುಮಗಳ ಥರ ಇದ್ರೆ ಬೇರೆ ಪುರಾವೆ ಯಾಕೆ?

ಇಷ್ಟು ಹೇಳಿದ ಮೇಲೆ ಶುದ್ಧವಾದಿಗಳಿಗೂ ಒಂದು ಮಾತು. ಗಾಜು ಬದಲಾಗಿದೆ, ಕೀ ಬದಲಾಗಿದೆ ಅಂತ ಮೂಗು ಮುರೀಬೇಡಿ. ದುಡಿಯೋ ಕೈಲಿದ್ದ ವಾಚಿಗೆ ಗಾಜು ಒಡೆಯುತ್ತೆ, ಸ್ಪ್ರಿಂಗ್ ತುಂಡಾಗುತ್ತೆ. ಪೇಟೆಯ ಸಂದಿಯಲ್ಲಿ ಕಣ್ಣಿಗೆ ಲೂಪ್ ಸಿಕ್ಕಿಸಿ ಕೂತ ರಿಪೇರಿಯವರು ಕೈಗೆ ಸಿಕ್ಕ ಬಿಡಿಭಾಗ ಹಾಕಿ ಓಡಿಸಿದ್ದಾರೆ. ಅದು ವಾಚನ್ನ ಬದುಕಿಸೋ ಕೆಲಸ. ಅಪ್ಪನ ವಾಚಿನ ಡಯಲ್ ನೀರು ಕುಡಿದು ಹಾಳಾಗಿದೆ, ಬಣ್ಣ ಹೊಡೆಸಿ ಕಟ್ಕೋತೀನಿ ಅಂದ್ರೂ ನನ್ನದೇನೂ ತಕರಾರಿಲ್ಲ. ನಿಮ್ಮ ವಾಚು, ನಿಮ್ಮಿಷ್ಟ. ಅದನ್ನ ಮುಂದೆ ಮಾರುವಾಗ ಬಾಯ್ಬಿಟ್ಟು ಹೇಳಿ, ಅಷ್ಟೇ.

'ಬಡವರ ಹೊಟ್ಟೆ ಮೇಲೆ ಹೊಡೀಬೇಡ' ಅನ್ನೋ ವಾದಕ್ಕೂ ಉತ್ತರ ಇಲ್ಲೇ ಇದೆ. ಡಯಲಿಗೆ ಕೈಯಾರೆ ಬಣ್ಣ ಹೊಡೆಯೋದು ಒಂದು ಕಸುಬು, ಅದಕ್ಕೆ ಕೂಲಿ ಕೊಡಿ, ಬೇಕಾದ್ರೆ ಹೊಸ ತಗಡಿನ ಮೇಲೆ ಗುಲಾಬಿ ಡಯಲ್ ಮಾಡಿಸಿ. ಸುಳ್ಳು ಇರೋದು ಕುಂಚದಲ್ಲಲ್ಲ, 'ಒರಿಜಿನಲ್' ಅಂತ ಚೀಟಿ ಅಂಟಿಸೋ ನಡುವಿನವನ ಬಾಯಲ್ಲಿ. ದುಡ್ಡಿನ ದೊಡ್ಡ ಪಾಲು ಹೋಗೋದೂ ಅವನ ಜೇಬಿಗೇ ಅಂತ ನನ್ನ ಗುಮಾನಿ.

ಕೊಳ್ಳೋ ಮುಂಚೆ ನಾನು ಕೇಳೋದು ಮೂರು: ಡಯಲಿಗೆ ಮತ್ತೆ ಬಣ್ಣ ಹೊಡೆದಿದೆಯಾ, ಮುಳ್ಳು ಅದರದ್ದೇನಾ, ಮುಚ್ಚಳ ತೆಗೆದು ಮೆಷಿನ್ ಫೋಟೋ ಕಳಿಸ್ತೀರಾ. ಬಹಳಷ್ಟು ಮಂದಿ ಅಲ್ಲಿಗೆ ಮಾತು ನಿಲ್ಲಿಸ್ತಾರೆ. 'ಹೌದು ಸಾರ್, ರೀಪೇಂಟು, ಅದಕ್ಕೇ ಈ ರೇಟು' ಅಂದವರೂ ಒಬ್ಬಿಬ್ಬರು ಸಿಕ್ಕಿದ್ದಾರೆ. ಅವರ ನಂಬರ್ ಸೇವ್ ಮಾಡಿ ಇಟ್ಕೊಂಡಿದ್ದೀನಿ.