ಸ್ಟೀಲ್ ಗಿಟಾರ್ ಪಕ್ಕಕ್ಕೆ ಒಂದು ಪೇಟಿ

ತೊಡೆ ಮೇಲೆ ಮಲಗಿಸಿ, ಉಕ್ಕಿನ ಸರಳು ಜಾರಿಸಿ ನುಡಿಸೋ ಗಿಟಾರ್ ಲ್ಯಾಪ್ ಸ್ಟೀಲ್. ಇದರಲ್ಲಿ ಒಳ್ಳೆ ಕಾರ್ಡ್ ಸಿಗಲ್ಲ, ಬ್ಯಾಂಡ್‌ಗೆ ಆಗಲ್ಲ ಅನ್ನೋ ಮಾತು ಫೆಸ್ಟ್ ಹತ್ರ ಬಂದಾಗೆಲ್ಲ ಕೇಳ್ತೀವಿ. ಹತ್ತು ತಂತಿಯ ಪೆಡಲ್ ಸ್ಟೀಲ್ ತಗೊಳ್ರಿ ಅಂತಾರೆ. ಬಸವಕಲ್ಯಾಣದಲ್ಲಿ ಕೂತು ಅದನ್ನ ಎಲ್ಲಿಂದ ತರೋಣ? ಭಜನೆಗಷ್ಟೇ ಅಂತ ಬ್ಯಾಂಡ್‌ನವರು ಬದಿಗಿಟ್ಟಿರೋ ಪೇಟಿ, ಅಂದ್ರೆ ಹಾರ್ಮೋನಿಯಂ, ಪಕ್ಕಕ್ಕಿದ್ದರೆ ಸಾಕು ಅನ್ನೋದು ನಮ್ಮ ವಾದ.

ಮಾಮೂಲಿ ಗಿಟಾರಿನ ನಟ್ ಎತ್ತರಿಸಿ, ಒಂದು, ಐದು, ಆರನೇ ತಂತಿಗಳನ್ನ ಎರಡೆರಡು ಫ್ರೆಟ್‌ನಷ್ಟು ಇಳಿಸಿದರೆ ಓಪನ್ ಜಿ ಟ್ಯೂನಿಂಗ್ ಆಯ್ತು: ಡಿ ಜಿ ಡಿ ಜಿ ಬಿ ಡಿ. ಸರಳು ನೇರವಾಗಿ ಎಲ್ಲಿಟ್ಟರೂ ಮೇಜರ್ ಕಾರ್ಡೇ. ಐದನೇ ಫ್ರೆಟ್ ಗೆರೆ ಮೇಲೆ ಸಿ, ಇ, ಜಿ. ಬಿಳಿ ಒಂದನ್ನ ಷಡ್ಜ ಅಂದ್ಕೊಂಡ್ರೆ ಸ, ಗ, ಪ. ಸರಳು ಓರೆ ಹಿಡಿದರೆ ಇನ್ನೂ ಕೆಲವು ಸಿಗುತ್ತವೆ, ಆದರೆ ಅಪಸ್ವರ ಬರದಂತೆ ಹಿಡಿಯೋದು ಇಂಟರ್ನಲ್ಸ್ ನಡುವೆ ಕಲಿಯೋ ಕೆಲಸ ಅಲ್ಲ ಬಿಡ್ರಿ.

ಈಗ ಸರಳನ್ನ ಐದನೇ ಫ್ರೆಟ್‌ನಲ್ಲೇ ಬಿಟ್ಟು, ಪೇಟಿಯಲ್ಲಿ ಮಂದ್ರ ಧ ಒತ್ತಿ. ಎ, ಸಿ, ಇ, ಜಿ: ಎ ಮೈನರ್ ಸೆವೆಂತ್. ಧ ಜೊತೆಗೆ ಕೆಳಗಿನ ಶುದ್ಧ ಮ ಕೂಡ ಒತ್ತಿದರೆ ಎಫ್ ಮೇಜರ್ ನೈನ್ತ್! ಐದು ಸ್ವರದ ಕಾರ್ಡ್, ಎಡಗೈ ಒಂದಿಂಚೂ ಸರಿದಿಲ್ಲ. ಸಿ ಮೈನರ್ ಬೇಕಾದರೆ ಎರಡನೇ ತಂತಿ ಮುಟ್ಟಬೇಡಿ, ಗ ಇರೋದು ಅಲ್ಲಿ ಮಾತ್ರ. ಕೋಮಲ ಗ ಪೇಟಿಯಿಂದ ಬರಲಿ. ಪೇಟಿಯ ಸ್ವರ ಅಲುಗಾಡಲ್ಲ, ಹಾಗಾಗಿ ಸರಳು ಫ್ರೆಟ್ ಗೆರೆಯ ಸರಿಯಾಗಿ ಮೇಲೇ ನಿಲ್ಲಬೇಕು.

ವಿಶ್ವಮೋಹನ ಭಟ್ಟರು ಗಿಟಾರಿಗೆ ಹೆಚ್ಚಿನ ತಂತಿ ಜೋಡಿಸಿ ಮೋಹನ ವೀಣೆ ಮಾಡಿದರು, 1994ರಲ್ಲಿ ಗ್ರ್ಯಾಮಿಯೂ ಬಂತು. ಅದು ರಾಗದ ದಾರಿ. ಕಾರ್ಡ್‌ಗೆ ಇನ್ನೊಬ್ಬರ ಕೈ ಕೂಡಿದರೆ ನಡೆಯುತ್ತೆ. ಕೆಳಗಿನ ಸ್ವರ ಮೇಲಿನದಕ್ಕೆ ಬಣ್ಣ ಕೊಡೋದು ನಮ್ಮ ಕಡೆಯವರಿಗೆ ಹೊಸದೇನಲ್ಲ. ಹುಮನಾಬಾದ್ ಪಕ್ಕದ ಮಾಣಿಕನಗರದ ಸಂಗೀತ ದರ್ಬಾರಿನಲ್ಲಿ ಕೂತವರು ತಂಬೂರಿ ಮಾಡೋ ಕೆಲಸ ಕೇಳಿಯೇ ಇರ್ತಾರೆ.

ಕೀಬೋರ್ಡ್ ಸಾಲದಾ ಅಂದ್ರೆ, ಸಾಲುತ್ತೆ. ಆದರೆ ಆಡಿಷನ್ ಫಾರ್ಮಿನಲ್ಲಿ ಕೀಬೋರ್ಡ್ ಕಾಲಂ ಇದೆ, ಹಾರ್ಮೋನಿಯಂ ಇಲ್ಲ. ಊರ ಭಜನೆಯಲ್ಲಿ ಪೇಟಿ ನುಡಿಸಿ ಬಂದ ಜೂನಿಯರ್‌ಗಳು ಅದನ್ನ ನೋಡಿ ಹೆಸರೇ ಕೊಡಲ್ಲ. ಈ ಸಲದ ಫಾರ್ಮ್ ಪ್ರಿಂಟ್ ಆಗೋ ಮುಂಚೆ ಆ ಒಂದು ಕಾಲಂ ಸೇರಿಸಿ ಅಂತ ಕೇಳ್ತಿದ್ದೀವಿ.