ಒಂಟಿಗಾಲಿನ ಓಟ
ನಾರ್ವೆಯಲ್ಲಿ ಹುಟ್ಟಿದ ಓಲೆ ಎವಿನ್‌ರೂಡನು ದೋಣಿಯ ಹಿಂಬದಿಗೆ ತಗಲಿಸುವ ಮೋಟಾರನ್ನು ಅಮೆರಿಕೆಯಲ್ಲಿ ೧೯೦೯ರಲ್ಲಿ ಮಾರಾಟಕ್ಕೆ ತಂದನು. ೧೯೫೦ರ ದಶಕದ ಎರಡು ಸಿಲಿಂಡರಿನ ಇಂಥ ಮೋಟಾರುಗಳನ್ನು ಅಲ್ಲಿನ ಸರೋವರಗಳಲ್ಲಿ ಇಂದಿಗೂ ಓಡಿಸುವವರುಂಟು. ನಡುನೀರಿನಲ್ಲಿ ಅದು ಏದುಸಿರು ಬಿಡತೊಡಗಿದರೆ ಹುಟ್ಟೇ ಗತಿ! ದಡ ಸೇರಿದೊಡನೆ ಎಲ್ಲರ ಕೈಯೂ ಕಾರ್ಬ್ಯುರೇಟರಿಗೆ ಹೋಗುತ್ತದೆ. ಹಳೆಯ ಪೆಟ್ರೋಲು ಅಲ್ಲಿ ಅಂಟುಗಟ್ಟುವುದು ನಿಜವೇ. ಆದರೆ ಮೊದಲು ಪರೀಕ್ಷಿಸಬೇಕಾದುದು ಕಿಡಿಯನ್ನು. ಮೋಟಾರನ್ನು ನೀರಿನ ಪೀಪಾಯಿಯಲ್ಲಿ ಇಳಿಸಿ ನಡೆಸುತ್ತ, ರಬ್ಬರು ಹಿಡಿಯ ಇಕ್ಕಳದಿಂದ ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಕಳಚಬೇಕು. ಯಾವ ತಂತಿ ಕಳಚಿದಾಗ ವೇಗ ತಗ್ಗದೋ ಆ ಸಿಲಿಂಡರು ಮೊದಲೇ ನಿಂತಿತ್ತೆಂದು ತಿಳಿಯಬೇಕು. ಹೊಸ ಪ್ಲಗ್ಗಿಗೂ ಅದು ಏಳದಿದ್ದರೆ ಫ್ಲೈವೀಲಿನ ಅಡಿಯಲ್ಲಿ ಕಾಯಿಲಿನ ಹೊದಿಕೆ ಬಿರಿದಿರುವುದು ಅನೇಕವೇಳೆ ಕಾಣುತ್ತದೆ. ವಿದ್ಯುತ್ತು ದಾರಿಯಲ್ಲೇ ಸೋರಿಹೋಗುತ್ತಿರುತ್ತದೆ. ಕಾಯಿಲನ್ನು ಬದಲಿಸಿ, ಪಾಯಿಂಟುಗಳನ್ನು ಶುಚಿಮಾಡಿ, ಸಾಮಾನ್ಯವಾಗಿ ಅಂಗುಲದ ೫೦ರಲ್ಲಿ ಒಂದು ಪಾಲು ಅಂತರವಿಟ್ಟರೆ ಮಲಗಿದ ಸಿಲಿಂಡರೂ ದುಡಿಯತೊಡಗುತ್ತದೆ.